ಎರಡು ಗಂಟೆ ಹತ್ತು ನಿಮಿಷದ ಹೌದು

ಚಿಂತಲ್, ಹೈದರಾಬಾದ್
11 ಡಿಸೆಂಬರ್ 2000

ಮಾಣಿಕಪ್ಪನವರಿಗೆ ತೇಜಸ್ವಿನಿಯ ನಮಸ್ಕಾರಗಳು.

ಇಂದು ಬೆಳಿಗ್ಗೆ ನಮ್ಮ ಕಾರ್ಖಾನೆಯ ಮೂರನೇ ರಿಯಾಕ್ಟರ್ ತೊಟ್ಟಿಯ ಕೆಳಗಿನ ವಾಲ್ವಿನ ಚಕ್ರಕ್ಕೆ ಹಸಿರು ಬಣ್ಣ ಬಳಿದಿದ್ದರು. ಬಣ್ಣ ಇನ್ನೂ ಆರಿರಲಿಲ್ಲ. ಅದಕ್ಕೆ ಅಂಟಿಕೊಂಡ ನೊಣವೊಂದು ಒಂದೇ ರೆಕ್ಕೆ ಬಡಿಯುತ್ತಿತ್ತು. ಹೊಸ ವಾಲ್ವ್ ಹಾಕಿದರೇನೋ ಎಂದು ಬಗ್ಗಿ ನೋಡಿದೆ. ಅಲ್ಲ, ಹಳೆಯದೇ. ಸವೆದ ಬೋಲ್ಟ್ ಕೂಡ ಹಾಗೆಯೇ ಇದೆ. ಆಸಿಡ್ ಸೋರಿ ಸಾಯಿಕುಮಾರನ ಕೈ, ಕುತ್ತಿಗೆ ಸುಟ್ಟು ಹದಿಮೂರು ದಿನವಾಯಿತು. ಅವರು ಮಾಡಿದ ರಿಪೇರಿ ಇಷ್ಟೇ.

ನೀವು ಯಾರಿಗೂ ಹೇಳದೆ ಊರಿಗೆ ಹೊರಟುಹೋದಿರಿ. ಹಾಜರಿ ಹಾಕುವ ಟೈಮ್ ಆಫೀಸಿನಲ್ಲಿ ವಿಳಾಸ ಕೇಳಿ ಬರೆಯುತ್ತಿದ್ದೇನೆ. ಅಂದು ಮ್ಯಾನೇಜರ್ ಸಾಹೇಬರ ಕೋಣೆಯಲ್ಲಿ ನಿಮ್ಮನ್ನು ಎರಡು ನಿಮಿಷ ನಿಲ್ಲಿಸಿ ಹೊರಗೆ ಕಳಿಸಿದರಲ್ಲ, ಆಮೇಲೆ ಒಳಗೆ ನಡೆದದ್ದು ನಿಮಗೆ ತಿಳಿಯಬೇಕು. ನಾನು ಟೈಪ್ ಮಾಡಲೆಂದು ಮೂಲೆಯಲ್ಲಿ ಕೂತಿದ್ದೆ.

ನಮ್ಮ ಕಂಪ್ಯೂಟರ್ ವ್ಯವಸ್ಥೆಯನ್ನು ಮಾಡಿಕೊಟ್ಟ ನಿತಿನ ಒಂದು ಹಾಳೆ ಹಿಡಿದು ಓದಿದ. "ನವೆಂಬರ್ 28, ಮಧ್ಯಾಹ್ನ 2.10. ಪ್ರಶ್ನೆ: ವಾಲ್ವ್ ಪರೀಕ್ಷಿಸಿದ್ದೀರಾ? ಉತ್ತರ: ಹೌದು. ಹೆಸರು: ಮಾಣಿಕಪ್ಪ. ಅಪಘಾತ ಆದದ್ದು 2.40ಕ್ಕೆ." ಅಷ್ಟೇ. ಸಾಹೇಬರು ಆ ಹಾಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ ಮಾಣಿಕಪ್ಪನವರೇ, ಸಂತೋಷವಿತ್ತು. "ಇದನ್ನೇ ಹೊರದೇಶದ ಖರೀದಿದಾರರಿಗೆ ಕಳಿಸಿ. ತಪ್ಪು ಮಾಡಿದವನು ಅರ್ಧ ಗಂಟೆಯಲ್ಲಿ ಸಿಕ್ಕಿದ ಅಂತ ಅವರೂ ನೋಡಲಿ. ಹಿಂದೆ ಆಗಿದ್ದರೆ ಆರು ಜನ ಒಬ್ಬರ ಮೇಲೊಬ್ಬರು ಹೇಳಿಕೊಂಡು ಆರು ತಿಂಗಳು ಕಳೀತಿದ್ದರು" ಎಂದರು. ಒಬ್ಬ ಮನುಷ್ಯನ ಕೈ ಸುಟ್ಟದ್ದು ಅವರ ವ್ಯವಸ್ಥೆಗೆ ಜಾಹೀರಾತಾಯಿತು.

ಇಡೀ ಪಾಳಿ ನಿಮ್ಮ ಹೆಸರಿನಲ್ಲೇ ಕಂಪ್ಯೂಟರ್ ತೆರೆಯುತ್ತಿತ್ತು ಎಂದು ಆ ಕೋಣೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ನಿಮ್ಮ ಪಾಸ್‌ವರ್ಡ್ ನಿಮ್ಮ ಹೆಂಡತಿಯ ಹೆಸರೆಂದು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು. "ಯಂಕಮ್ಮನ್ನ ಕರೀರೋ" ಎಂದು ನಿಮ್ಮ ಪಾಳಿಯ ಚನ್ನು ದಿನಾ ಕೂಗುತ್ತಿದ್ದ. ನೀವೂ ನಗುತ್ತಿದ್ದಿರಿ. ಆರು ಜನರ ಬೆರಳಿಗೆ ಒಂದೇ ಹೆಸರು. ಇದನ್ನು ಎದ್ದು ಹೇಳಬೇಕೆಂದು ನನಗೆ ಅನಿಸಿತು. ಆದರೂ ಅವರು ಹೇಳಿದ್ದನ್ನೇ ಟೈಪ್ ಮಾಡಿ ಕೊಟ್ಟೆ.

ಸಾಯಿಕುಮಾರನನ್ನು ಆಸ್ಪತ್ರೆಯಲ್ಲಿ ನೋಡಿ ಬಂದೆ. ಹೆಂಡತಿ ಗಂಗಾ ಜೊತೆಗಿದ್ದಾಳೆ. ನಿಮ್ಮನ್ನು ಕೇಳಿದ.

ಆ ಹೊತ್ತಿಗೆ ಯಾರೋ 'ಹೌದು' ಒತ್ತಿದ್ದಾರೆ. ವಿಚಾರಿಸುತ್ತೇನೆ.

ತೇಜಸ್ವಿನಿ


ಹುಮನಾಬಾದ
20 ಡಿಸೆಂಬರ್ 2000

ತೇಜಸ್ವಿನಿ ಬಾಯಾರಿಗೆ ಮಾಣಿಕಪ್ಪನ ಶರಣು.

ನಾ ಹೇಳಾಕತ್ತೀನಿ, ಮಗಳು ರೇಣುಕಾ ಬರಿಯಾಕತ್ತಾಳ. ನಂದೇ ಅಕ್ಷರದಾಗ ಬರೀತಿದ್ದೆ, ಆದ್ರ ಚಸ್ಮಾ ಕಾರ್ಖಾನಿ ಲಾಕರಿನಾಗ ಉಳದೈತಿ. ತಗೊಂಡ್ ಬರ್ತೀನಿ ಅಂದ್ರ ವಾಚ್‌ಮನ್ ಒಳಗ ಬಿಡಲಿಲ್ಲ. ಹನ್ನೊಂದು ವರ್ಷ ಅವಂಗ ನಾನೇ ತಂಬಾಕ ಕೊಟ್ಟೀನಿ.

ನಾವೆಲ್ಲಾ ಇಲ್ಲಿ ಆರಾಮ. ನಿಮ್ಮ ಪತ್ರ ಓದಿಸಿ ಕೇಳಿ ಯಂಕಮ್ಮ ಭಾಳ ನಕ್ಕಳ್ರಿ. "ಆರು ಮಂದಿ ನನ್ನ ಹೆಸರಿಲೆ ಕೆಲಸ ಮಾಡ್ಯಾರಂದ್ರ ನನಗ್ಯಾಕ ಪಗಾರ ಬರಲಿಲ್ಲ?" ಅಂತಾಳ. ಕಣ್ಣಿನ ಆಪರೇಷನ್ ಚಲೋ ಆಗೈತಿ, ಈಗ ನನ್ನ ಮಾರಿ ಸ್ವಚ್ಛ ಕಾಣತೈತಂತ. ಅದಕ್ಕೂ ನಗತಾಳ.

ಅವತ್ತು ನಾ ಅಲ್ಲಿರಲಿಲ್ಲ ಅಂಬೋದು ನಿಮಗ ಗೊತ್ತೇ ಐತಿ. ಕಣ್ಣಿಗಿ ಪಟ್ಟಿ ಕಟ್ಟಿದಾಕಿನ್ನ ಸಿಕಂದರಾಬಾದ ಸ್ಟೇಷನ್ನಾಗ ಬೀದರ ಗಾಡಿ ಹತ್ತಿಸಾಕ ಒಂದಕ್ಕ ಹೋದೆ, ನಾಕಕ್ಕ ತಿರುಗಿ ಬಂದೆ. ಹೇಳಿ ಹೋಗಿದ್ದೆ. "ಯಾರಿಗಿ ಹೇಳಿ ಹೋದಿ?" ಅಂತ ಸಾಹೇಬ್ರು ಕೇಳಿದ್ರು. ನಾ ಬಾಯಿ ಬಿಡಲಿಲ್ಲ. ಬಿಡಂಗೂ ಇಲ್ಲ.

ರಿಜಿಸ್ಟರ್ ಇದ್ದಾಗ ಇದು ಲಫಡಾನೇ ಇರಲಿಲ್ರಿ. ಒಬ್ಬಾಂವ ಹೊರಗ ಹೋದ್ರ ಉಳದಾಂವ ಬರದು, ಕೆಳಗ 'ಮಾಣಿಕಪ್ಪನ ಪರ' ಅಂತ ಹಾಕಿ ತನ್ನ ಸಹಿ ಮಾಡತಿದ್ದ. ಯಾರು ಇದ್ರು, ಯಾರು ಇರಲಿಲ್ಲ, ಹಾಳಿನೇ ಹೇಳತಿತ್ತು. ನಿಮ್ಮ ಕಂಪ್ಯೂಟರ್ ಡಬ್ಬಿಯೊಳಗ 'ಪರ' ಹಾಕಾಕ ಜಾಗಾನೇ ಇಲ್ಲ. ಅದು ಮನಶ್ಯಾರ ತಪ್ಪಲ್ಲ.

ನಿತಿನ ಸಾಹೇಬ್ರು ಚಲೋ ಮನಿತನದವರು. ನನ್ನ ಸಲುವಾಗಿ ಅವರ ಸಂಗಾಟ ವಾದಾ ಹಾಕ್ಕೋಬ್ಯಾಡ್ರಿ. ನಿಮ್ಮದು ಇನ್ನ ಮುಂದ ಭಾಳ ಐತಿ.

ಸಾಯಿಕುಮಾರ ನನ್ನ ಕೇಳಿದ ಅಂತ ಬರದ್ರಿ, ಜೀವಕ್ಕ ತಂಪಾತು.

ಮಾಣಿಕಪ್ಪ

ಇನ್ನು ಮುಂದಿನದು ಅಪ್ಪ ಹೇಳಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ನಾವು ಆರಾಮವಾಗಿಲ್ಲ. ಊರಿಗೆ ಬರುವ ಮೊದಲು ಅಪ್ಪ ಜೀಡಿಮೆಟ್ಲಾದ ಬೇರೆ ಎರಡು ಕಾರ್ಖಾನೆಗಳಲ್ಲಿ ಕೆಲಸ ಕೇಳಿದ. ಅವನ ಹೆಸರಿನ ಹಾಳೆ ಅವನಿಗಿಂತ ಮೊದಲೇ ಅಲ್ಲಿನ ಕಂಪ್ಯೂಟರುಗಳಿಗೆ ಹೋಗಿ ಕೂತಿತ್ತಂತೆ. ಈಗ ನೋಟಿಸು ಬಂದಿದೆ. ಫೆಬ್ರವರಿ 5ಕ್ಕೆ ಹೈದರಾಬಾದಿನಲ್ಲಿ ಕಾರ್ಖಾನೆಗಳ ಇನ್ಸ್‌ಪೆಕ್ಟರ ಮುಂದೆ ವಿಚಾರಣೆ. ಆ ಹೊತ್ತಿಗೆ ಅಪ್ಪ ಅಲ್ಲಿರಲಿಲ್ಲವೆಂದು ಹೇಳುವವರು ಒಬ್ಬರಾದರೂ ಬೇಕು. ಇಲ್ಲವಾದರೆ ಕೇಸು, ಜೈಲು ಎಂದು ಇಲ್ಲಿಯ ವಕೀಲರು ಹೇಳುತ್ತಾರೆ. ಅಪ್ಪ ಯಾರನ್ನೋ ಕಾಪಾಡುತ್ತಿದ್ದಾನೆ. ಯಾರೆಂದು ನಿಮಗೆ ಗೊತ್ತಿದೆಯೇ?
ರೇಣುಕಾ


ಚಿಂತಲ್, ಹೈದರಾಬಾದ್
8 ಜನವರಿ 2001

ಮಾಣಿಕಪ್ಪನವರಿಗೆ,

ನಿಮ್ಮ ಚಸ್ಮಾ ಸಿಕ್ಕಿತು. ಚನ್ನು ಲಾಕರ್ ಒಡೆದು ತೆಗೆದುಕೊಟ್ಟ. ಹತ್ತಿಯಲ್ಲಿ ಸುತ್ತಿ ಬೇರೆ ಪಾರ್ಸೆಲ್ ಮಾಡಿದ್ದೇನೆ.

ನನಗೆ ಸಿಟ್ಟು ಬರುವುದು ಅಪರೂಪವೆಂದು ಮನೆಯಲ್ಲಿ ಹೇಳುತ್ತಾರೆ. ಈ ವಾರ ಇಳಿದೇ ಇಲ್ಲ. ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕುತ್ತಾರೆಂದು ತಿಳಿದು ಗೋದಾಮಿಗೆ ಹೋದೆ. ಹಗ್ಗ ಕಟ್ಟಿ ಗೋಡೆಗೆ ಒಟ್ಟಿದ್ದರು. ಕಳೆದ ವರ್ಷ ಏಪ್ರಿಲಿನಿಂದ ಅವನ್ನೇ ಓದಿ ಕಂಪ್ಯೂಟರಿಗೆ ತುಂಬಿದವಳು ನಾನು. ಕನ್ನಡ, ತೆಲುಗು ಎರಡೂ ಓದಬಲ್ಲ, ಟೈಪ್ ಬರುವ ಹುಡುಗಿ ಬೇಕೆಂದು ನನ್ನನ್ನು ತೆಗೆದುಕೊಂಡದ್ದೇ ಅದಕ್ಕೆ. ನೀವು ಷರಾ ಕಾಲಮಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದಿರಿ. ಮತ್ತೆ ಓದಿದೆ.

'14-6-99. ಮೂರರ ವಾಲ್ವ್ ಮುಚ್ಚಿದರೂ ಹಲ್ಲಿಲ್ಲದ ಮುದುಕನ ಬಾಯಿಯಂಗ ಜಿನುಗತೈತಿ.'

'2-9-99. ಮತ್ತ ಜಿನುಗಾಕತ್ತೈತಿ. ಸಾಹೇಬರಿಗಿ ತೋರಿಸೀನಿ. ನೋಡಿ ಹೋದರು.'

'11-1-2000. ಬರದು ಬರದು ಪೆನ್ನು ಸವೀತು, ವಾಲ್ವ್ ಬದಲಾಗಲಿಲ್ಲ.'

ಇಂಥವು ಒಟ್ಟು ಒಂಬತ್ತು. ಎಂ.ಎ.ಗೆ ಓದಿದ ಎಷ್ಟೋ ಪುಟಗಳು ಮರೆತಿವೆ, ನಿಮ್ಮ ಈ ಸಾಲುಗಳು ಮರೆತಿರಲಿಲ್ಲ. ತುಂಬುವಾಗ ನಿತಿನನನ್ನು ಕೇಳಿದ್ದೆ, ಷರಾ ಎಲ್ಲಿ ಹಾಕಲಿ ಎಂದು. "ಅದಕ್ಕ ಜಾಗಾ ಇಟ್ಟಿಲ್ಲ, ಬಿಡು" ಎಂದಿದ್ದ. ಬಿಟ್ಟೆ. ತಾಪ ತುಂಬಿದೆ, ಒತ್ತಡ ತುಂಬಿದೆ, ವೇಳೆ ತುಂಬಿದೆ. ನೀವು ಒಂಬತ್ತು ಸಲ ಕೂಗಿ ಹೇಳಿದ್ದನ್ನು ಮಾತ್ರ ಒಂಬತ್ತು ಸಲ ಬಿಟ್ಟೆ. ಈಗ ಕಂಪ್ಯೂಟರಿನಲ್ಲಿ ಹುಡುಕಿದರೆ ಮೂರನೇ ರಿಯಾಕ್ಟರಿಗೆ ಎರಡು ವರ್ಷದಿಂದ ಒಂದು ದೂರೂ ಇಲ್ಲ!

ನಿತಿನನ ಕೋಣೆಗೆ ಹೋದೆ. ನಮ್ಮಪ್ಪನ ಸಹೋದ್ಯೋಗಿಯ ಮಗ, ನಮ್ಮ ಕಾಲೋನಿಯಲ್ಲೇ ಬೆಳೆದವನು. ಅವನೆದುರು ನಾನು ಯಾವತ್ತೂ ಎರಡು ವಾಕ್ಯಕ್ಕಿಂತ ಹೆಚ್ಚು ಆಡಿದವಳಲ್ಲ.

"ವಾಲ್ವ್ ಪ್ರಶ್ನೆಗೆ 'ಇಲ್ಲ' ಒತ್ತಿದರೆ ಏನಾಗುತ್ತದೆ?" ಎಂದೆ.

"ಮುಂದಿನ ಪರದೆ ತೆರೆಯೂದಿಲ್ಲ. ಕೆಲಸ ನಿಲ್ತದ. ಸಾಹೇಬ್ರೇ ಬಂದು ತೆಗೀಬೇಕು."

"ಇಲ್ಲಿಯವರೆಗೆ ಎಷ್ಟು ಸಲ ಯಾರಾದರೂ 'ಇಲ್ಲ' ಒತ್ತಿದ್ದಾರೆ?"

ನೋಡಿದ. "ಏಳು ತಿಂಗಳಾತು, ಒಂದು ಸಲಾನೂ ಇಲ್ಲ. ಅಷ್ಟು ಛಲೋ ನಡದದ ನೋಡು."

ಅವನು ನಿಜವಾಗಿಯೂ ಹಾಗೆಯೇ ನಂಬಿದ್ದಾನೆ. ಕೆಲಸ ನಿಲ್ಲಿಸಿದವನು ನಾಳೆ ಗೇಟಿನ ಹೊರಗೆ ಎಂದು ಸಾಹೇಬರು ಮೊದಲ ದಿನವೇ ಪಾಳಿಗೆಲ್ಲ ಹೇಳಿದ್ದು ಅವನಿಗೆ ನೆನಪಿಲ್ಲ. ನಾನು ನೆನಪಿಸಿದೆ. ಷರಾದ ಮಾತನ್ನೂ ತೆಗೆದೆ. ಅವನು ಕುರ್ಚಿ ಹಿಂದಕ್ಕೆ ವಾಲಿಸಿ, "ತೇಜೂ, ನೀ ಕಥಿ ಕಾದಂಬರಿ ಓದಿದಾಕಿ, ಎಲ್ಲಾದರಾಗೂ ದುಃಖ ಹುಡುಕ್ತಿ. ಹೊರಗಿನವರಿಗೆ ಬೇಕಾದದ್ದು ಒಂದು ಹೆಸರು, ಒಂದು ಟೈಮು. ಕಥಿ ಅಲ್ಲ" ಎಂದ.

ಬಾಗಿಲು ಹಾಕದೆ ಬಂದೆ. ಎರಡು ರಿಜಿಸ್ಟರುಗಳು ಈಗ ನನ್ನ ಮಂಚದ ಕೆಳಗಿವೆ, ಬಟ್ಟೆಯ ಚೀಲದಲ್ಲಿ. ಕದ್ದದ್ದೇ. ಇವನ್ನು ವಿಚಾರಣೆಗೆ ಕಳಿಸಿಕೊಡುತ್ತೇನೆ, ವಾಲ್ವಿನ ಮಾತು ಇವೇ ಹೇಳುತ್ತವೆ.

2.10ಕ್ಕೆ ಕಂಪ್ಯೂಟರಿನ ಮುಂದೆ ಯಾರಿದ್ದರು ಎಂದು ಖಚಿತವಾಗಿ ಹೇಳುವುದು ಕಷ್ಟ. ಊಟದ ಹೊತ್ತು, ಎಲ್ಲರೂ ಓಡಾಡುತ್ತಿದ್ದರು.

ತೇಜಸ್ವಿನಿ


ಹುಮನಾಬಾದ
18 ಜನವರಿ 2001

ತೇಜಸ್ವಿನಿ ಮೇಡಂ ಅವರಿಗೆ,

ಈ ಪತ್ರ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ.

ಚಸ್ಮಾ ಬಂತು. ಅಪ್ಪ ಹಾಕಿಕೊಂಡು ನಿಮ್ಮ ಪತ್ರವನ್ನು ತಾನೇ ಎರಡು ಸಲ ಓದಿದ. ತನ್ನ ಷರಾಗಳನ್ನು ಓಣಿಯವರಿಗೆಲ್ಲ ಓದಿ ಹೇಳಿದ. "ಎಂಎ ಮಾಡಿದಾಕಿ ನನ್ನ ಬರಹ ಮೆಚ್ಯಾಳ" ಎಂದು. ಕೊನೆಯ ಎರಡು ಸಾಲು ಬಂದಾಗ ಮಾತ್ರ ಚಸ್ಮಾ ತೆಗೆದು ಒರೆಸಿಕೊಂಡ. ಮರುದಿನ ಎಂದಿನಂತೆ ಕಲ್ಲಿನ ಖಣಿಗೆ ಹೋದ. ಹೌದು, ಈಗ ಅವನು ಅಲ್ಲಿ ಕಲ್ಲು ಒಡೆಯುತ್ತಾನೆ. ಹೋಗುವಾಗ ಬರುವಾಗ "ಮನಶ್ಯಾನ್ನ ಸುಟ್ಟಾಂವ ಬಂದ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತವರು ಅನ್ನುತ್ತಾರೆ. ನಾನು ಕಾಲೇಜು ಬಿಟ್ಟಿದ್ದೇನೆ. ನಿಮ್ಮ ಕನಿಕರಕ್ಕೆಂದು ಇದನ್ನು ಬರೆಯುತ್ತಿಲ್ಲ.

ಅಪ್ಪ ಬಾಯಿ ಬಿಡದಿದ್ದರೂ ಅವ್ವ ಬಿಟ್ಟಳು. ಅಂದು ಪ್ಲಾಟ್‌ಫಾರ್ಮಿನಲ್ಲಿ ಅವಳು, "ಗಾಡಿ ತಡಾ ಐತಿ, ನೀ ಹೋಗು, ನಿನ್ನ ಕೆಲಸಕ್ಕ ಯಾರದಾರ?" ಎಂದಳಂತೆ. ಅಪ್ಪ, "ಬಾಯಾರು ನೋಡ್ಕೋತಾರ, ಅವರಿಗಿ ಹೇಳಿ ಬಂದೀನಿ" ಎಂದನಂತೆ. ನಿಮ್ಮ ಕಾರ್ಖಾನೆಯಲ್ಲಿ ಅಪ್ಪ ಬಾಯಾರು ಎಂದು ಕರೆಯುವವರು ಇನ್ನೆಷ್ಟು ಜನರಿದ್ದಾರೆ?

ಇದನ್ನು ಹಿಡಿದು ಅಪ್ಪನನ್ನು ಕೇಳಿದೆ. ಮೊದಲು ಬೈದ. ಆಮೇಲೆ ಹೇಳಿದ. ನೀವು ನಿತಿನ ಸಾಹೇಬರ ಸ್ಕೂಟರಿನ ಹಿಂದೆ ಕೂತು ಹೋದದ್ದನ್ನು ಎರಡು ಸಲ ಕಂಡಿದ್ದನಂತೆ. ಅವರ ಜೊತೆ ನಿಮ್ಮ ಮದುವೆ ಗೊತ್ತಾಗಿದೆ ಎಂದು ಅವನ ಲೆಕ್ಕ. "ಹುಡುಗಿ ಹೆಸರು ಹೊರಗ ಬಂದ್ರ ಮದಿವಿ ಮುರೀತೈತಿ. ನಂದೇನು, ಮುಗದದ್ದು. ನಿನ್ನಂಥಾಕಿನ ಅಕಿ" ಎಂದ. ನನ್ನಂಥವಳಂತೆ! ನನ್ನ ವಯಸ್ಸಿನ ಯಾರ ಮದುವೆಗಾಗಿಯೂ ನನ್ನ ಅಪ್ಪ ಜೈಲಿಗೆ ಹೋಗಬೇಕಾಗಿಲ್ಲ.

ನೀವು ಮೂರು ಪುಟ ಬರೆದಿದ್ದೀರಿ. ಸಿಟ್ಟು ಚೆನ್ನಾಗಿ ಬರೆಯುತ್ತೀರಿ. ನಿತಿನ ಸಾಹೇಬರ ಮೇಲೆ, ಮ್ಯಾನೇಜರ್ ಮೇಲೆ, ಕಂಪ್ಯೂಟರ್ ಮೇಲೆ. ನಮಗೆ ಚಸ್ಮಾ ಬೇಡವಾಗಿತ್ತು, ರಿಜಿಸ್ಟರೂ ಸಾಲದು. ವಾಲ್ವ್ ಹಾಳಾಗಿತ್ತೆಂದು ಅವು ಹೇಳುತ್ತವೆ. ಹಾಳಾದದ್ದು ಗೊತ್ತಿದ್ದೂ ಅಪ್ಪ ಹೌದು ಒತ್ತಿದ ಎಂದು ಕಾರ್ಖಾನೆಯ ವಕೀಲ ಹೇಳುತ್ತಾನೆ. ಇದು ನಿಮಗೆ ಹೊಳೆಯಲಿಲ್ಲವೇ?

ಒಂದೇ ಸಾಲು ಸಾಕು. 2.10ಕ್ಕೆ ಒತ್ತಿದವರು ಯಾರು?

ರೇಣುಕಾ


ಚಿಂತಲ್, ಹೈದರಾಬಾದ್
29 ಜನವರಿ 2001

ರೇಣುಕಾ,

ನಾನು.

ನೀನು ಕೇಳಿದ್ದು ಒಂದು ಸಾಲು. ಉಳಿದದ್ದನ್ನು ಓದುವುದು ಬಿಡುವುದು ನಿನ್ನಿಷ್ಟ.

ನಿಮ್ಮಪ್ಪ ಒಂದು ಗಂಟೆಗೆ ನನ್ನ ಮೇಜಿನ ಹತ್ತಿರ ಬಂದು, "ಬಾಯಾರಽ, ಸ್ಟೇಷನ್ನಿಗಿ ಹೋಗಿ ಬರ್ತೀನಿ, ಎರಡು ಗಂಟಿ ರೀಡಿಂಗ್ ಹಾಕಿಬಿಡ್ರಿ" ಎಂದರು. ಹೂಂ ಎಂದೆ. ಎರಡು ಗಂಟೆಗೆ ಚನ್ನು ಕೆಳಗಿನಿಂದ ತಾಪ, ಒತ್ತಡ ಕೂಗಿದ. ಬೆರಳಚ್ಚಿಸಿದೆ. ಪರದೆಯ ಮೇಲೆ ವಾಲ್ವಿನ ಪ್ರಶ್ನೆ ಬಂತು. ನಾನು ಕೆಳಗಿಳಿದು ನೋಡಲಿಲ್ಲ. ಚನ್ನುವನ್ನು ಕೇಳಲೂ ಇಲ್ಲ. ಆ ಪ್ರಶ್ನೆಗೆ ನಾವು ಯಾರೂ ಯಾವತ್ತೂ ಯಾರನ್ನೂ ಕೇಳಿದ್ದಿಲ್ಲ. ಬಾಗಿಲು ತೆರೆಯಲು ಚಿಲಕ ಸರಿಸಿದ ಹಾಗೆ ಹೌದು ಒತ್ತಿದೆ. ಆಮೇಲೆ ಡಬ್ಬಿ ಬಿಚ್ಚಿ ಊಟ ಮಾಡಿದೆ. ಕೂಗು ಕೇಳಿದಾಗ ಕೈಯಲ್ಲಿ ಇನ್ನೂ ಮೊಸರನ್ನವಿತ್ತು.

ಎಲ್ಲರೂ ಒಂದೇ ಹೆಸರಿನಲ್ಲಿ ಕಂಪ್ಯೂಟರ್ ತೆರೆಯುವ ಉಪಾಯವೂ ನನ್ನದೇ. ಆರು ಜನರಿಗೆ ಆರು ಪಾಸ್‌ವರ್ಡ್ ಕಲಿಸುವುದಕ್ಕೆ ಬೇಸರವಾಗಿ, ಮೊದಲ ವಾರವೇ, "ಮಾಣಿಕಪ್ಪನವರದೇ ಸಾಕು" ಎಂದಿದ್ದೆ. ಚನ್ನುವಿಗೆ ಇದೆಲ್ಲ ಗೊತ್ತು. ಅವನಿಗೆ ಕೆಲಸ ಬೇಕು, ಸುಮ್ಮನಿದ್ದಾನೆ. ಅವನನ್ನು ನಾನು ದೂರುವುದಿಲ್ಲ. ನನ್ನ ಬಗ್ಗೆ ಅವನೂ ಹಾಗೆಯೇ ಅಂದುಕೊಂಡಿರಬೇಕು.

ಇನ್ನೊಂದು ಸುಳ್ಳೂ ಬರೆದಿದ್ದೆ. ಸಾಯಿಕುಮಾರ ನಿಮ್ಮಪ್ಪನನ್ನು ಕೇಳಿದ್ದು ನಿಜ. ಕೇಳಿದ್ದು ಹೀಗೆ: "ಮಾಣಿಕಣ್ಣ ನೋಡದಽ ಹೌದು ಒತ್ತಿದನಂತಲ್ರಿ. ಹನ್ನೊಂದು ವರ್ಷ ಒಂದೇ ಬುತ್ತಿಯಾಗ ಉಂಡೀವಿ. ಕಂಪ್ಯೂಟರ್ ಸುಳ್ಳು ಹೇಳತೈತೇನ್ರಿ?" ಅವನ ಮಂಚದ ಕಂಬಿ ಹಿಡಿದು ನಿಂತಿದ್ದೆ. ಕಿತ್ತಳೆ ಹಣ್ಣು ಕೊಟ್ಟು ಬಂದೆ.

ನಿನ್ನ ಪತ್ರ ಬಂದ ದಿನ ಮತ್ತೆ ಹೋದೆ. ಈ ಸಲ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿದ. ಗಂಗಾ ಎದ್ದು ನಿಂತಳು. "ಎರಡು ತಿಂಗಳಾತು. ಅಂವ ದಿನಾ ಆ ಮುದುಕಗ ಶಾಪ ಹಾಕ್ಯಾನ. ಆ ಶಾಪ ಈಗ ಯಾರು ತಿರುಗಿ ತಗೋಬೇಕು? ನಡೀರಿ ಇಲ್ಲಿಂದ" ಎಂದಳು. ನಡೆದೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ.

ಮದುವೆಯ ವಿಷಯ. ಮದುವೆ ಇಲ್ಲ. ಗೊತ್ತಾಗಿಲ್ಲ, ಮಾತೂ ಆಗಿಲ್ಲ. ಬಸ್ಸುಗಳ ಮುಷ್ಕರದ ಎರಡು ದಿನ ನಿತಿನನ ಸ್ಕೂಟರಿನಲ್ಲಿ ಬಂದೆ, ಅಷ್ಟೇ. ಇಲ್ಲದ ಮದುವೆಯನ್ನು ಉಳಿಸಲು ನಿಮ್ಮಪ್ಪ ಕಲ್ಲು ಒಡೆಯುತ್ತಿದ್ದಾರೆ! ನಿನ್ನ ಪತ್ರದ ಆ ಭಾಗ ಓದಿ ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಒಂದು ಮಾತು ನನ್ನನ್ನು ಕೇಳಬಾರದಿತ್ತೇ? ನನಗೆ ಹಾಗೆ ದಾನ ಮಾಡಲು ಅವರಿಗೆ ಯಾರು ಹೇಳಿದರು? ಬರೆಯುತ್ತ ಬರೆಯುತ್ತ ತಿಳಿಯಿತು, ನಾನೇ ಹೇಳಿದ್ದು. ಮ್ಯಾನೇಜರ ಕೋಣೆಯಲ್ಲಿ ತಲೆ ತಗ್ಗಿಸಿ ಟೈಪ್ ಮಾಡುತ್ತ ಹೇಳಿದೆ. ನಿಮ್ಮಪ್ಪ ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದ್ದರು. ನಾನು ನೋಡಲಿಲ್ಲ.

ನಿನ್ನೆ ಮನೆಯಲ್ಲಿ ನಮ್ಮಪ್ಪನಿಗೆ ಅರ್ಧ ಹೇಳಿದೆ. ಮೂವತ್ತು ವರ್ಷ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ದುಡಿದವರು, ಒಂದು ಮೆಮೊ ತೆಗೆದುಕೊಂಡವರಲ್ಲ. ಪೇಪರ್ ಮಡಚಿಟ್ಟು ಕೇಳಿದರು. "ಆ ಹಾಳಿಯೊಳಗ ನಿನ್ನ ಹೆಸರು ಎಲ್ಲೆರೆ ಅದ ಏನು?"

"ಇಲ್ಲ."

"ಇಲ್ಲಲಾ? ಮತ್ತ ಯಾಕ ಹೋಗಿ ಹಾಕಿಸ್ಕೋತೀ? ಸುಮ್ಮನಿರು."

ಅವರು ಕೆಟ್ಟವರಲ್ಲ ರೇಣುಕಾ. ಮ್ಯಾನೇಜರ್ ಸಾಹೇಬರಿಗೂ ಮನೆಯಲ್ಲಿ ಮಕ್ಕಳಿದ್ದಾರೆ, ನಿತಿನ ಸಂಜೆ ತಾಯಿಗೆ ಮಾತ್ರೆ ತಂದುಕೊಡುತ್ತಾನೆ. ಯಾರೂ ಕೆಟ್ಟವರಲ್ಲ, ಒಬ್ಬನ ಕೈ ಸುಟ್ಟಿದೆ, ಇನ್ನೊಬ್ಬರು ಖಣಿಯಲ್ಲಿದ್ದಾರೆ. ಹೌದು ಅನ್ನದಿದ್ದರೆ ಮುಂದೆ ಬಿಡದ ಒಂದು ಪರದೆಯನ್ನು ಮಾಡಿಟ್ಟು, ಎಲ್ಲರೂ ಹೌದು ಅಂದರಲ್ಲ ಎಂದು ಹೊರದೇಶಕ್ಕೆ ತೋರಿಸುತ್ತಾರೆ. ಸಿಟ್ಟು ಚೆನ್ನಾಗಿ ಬರೆಯುತ್ತೀರಿ ಎಂದೆಯಲ್ಲ. ಇದುವರೆಗೆ ಅದನ್ನು ನನ್ನ ಕಡೆ ಬಿಟ್ಟು ಉಳಿದೆಲ್ಲ ಕಡೆ ತಿರುಗಿಸಿ ಹಿಡಿದಿದ್ದೆ.

ನಾನು ಅಂಜುಬುರುಕಿ. ಐದನೇ ತಾರೀಖು ಬೆಳಿಗ್ಗೆ ಕಾಲು ಏಳದಿರಬಹುದು, ನನ್ನನ್ನು ನಾನು ಬಲ್ಲೆ. ಅದಕ್ಕೇ ಇಂದು ಅರ್ಧ ದಿನ ರಜೆ ಹಾಕಿ ಅಬಿಡ್ಸಿಗೆ ಹೋದೆ. ಒತ್ತಿದ್ದು ನಾನು, ಮಾಣಿಕಪ್ಪನವರು ಅಲ್ಲಿರಲಿಲ್ಲ, ಅವರ ಹೆಸರನ್ನು ಎಲ್ಲರಿಗೂ ಹಂಚಿದ್ದೂ ನಾನು ಎಂದು ಕೈಯಲ್ಲೇ ಬರೆದು, ದೊಡ್ಡ ಅಂಚೆ ಕಚೇರಿಯಿಂದ ಇನ್ಸ್‌ಪೆಕ್ಟರಿಗೆ ರಿಜಿಸ್ಟರ್ಡ್ ಮಾಡಿದೆ. ಪ್ರತಿ ಇದರ ಜೊತೆಗಿದೆ. ಕಿಟಕಿಯಲ್ಲಿದ್ದವನು ಠಸ್ಸೆ ಹೊಡೆದು ಒಳಗೆ ಎಸೆದ ಮೇಲೆ ಅದನ್ನು ಮರಳಿ ಪಡೆಯಲು ನನ್ನಿಂದಾಗುವುದಿಲ್ಲ. ರಿಜಿಸ್ಟರುಗಳನ್ನು ನಾನೇ ತರುತ್ತೇನೆ.

ಮನೆಯಲ್ಲಿ ಇದನ್ನು ಹೇಳಿಲ್ಲ, ಕಾರ್ಖಾನೆಯಲ್ಲೂ ಹೇಳಿಲ್ಲ. ಕ್ಷಮೆ ಕೇಳುವುದು ನಿನ್ನ ಹತ್ತಿರವಲ್ಲ, ಖಣಿಯಿಂದ ಬಂದವರ ಹತ್ತಿರ, ಎದುರಿಗೆ ನಿಂತು. ಅವರಿಗೆ ಈಗಲೇ ಇಷ್ಟು ಹೇಳಿಡು. ಐದನೇ ತಾರೀಖು ವಿಚಾರಣೆಯ ಕಚೇರಿಯ ಬಾಗಿಲು ತೆರೆಯುವಾಗ ನಾನು ಅಲ್ಲಿರುತ್ತೇನೆ. ಒಳಗೆ ನಿಮ್ಮಪ್ಪ ನನ್ನನ್ನು ಉಳಿಸಲು ಒಂದು ಮಾತಾಡಿದರೂ, ಎಲ್ಲರ ಎದುರಿಗೆ, ಅದು ಸುಳ್ಳು ಎನ್ನುತ್ತೇನೆ.

ತೇಜಸ್ವಿನಿ